ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿರುವ ಅಮ್ಮಂದಿರಿಗೆ, ಗಾಜಿನ ಒಲೆಯ ವಿಷಯವಾಗಿ

ಪ್ರೀತಿಯ ಅಮ್ಮಂದಿರೇ,

ವೀಸಾ ಬಂದಿದೆ, ಟಿಕೆಟ್ ಆಗಿದೆ. ಅಂಟು, ಒಣಕೊಬ್ಬರಿ, ಉತ್ತುತ್ತೆ, ಸಾರಿನ ಪುಡಿ, ಕಷಾಯದ ಪುಡಿ ಎಲ್ಲವನ್ನೂ ಪೊಟ್ಟಣ ಕಟ್ಟಿ ತೂಕ ನೋಡುತ್ತಿದ್ದೀರಿ. ಏರ್‌ಪೋರ್ಟಿನಲ್ಲಿ ಅಧಿಕಾರಿ ಏನು ಕೇಳಿದರೆ ಏನು ಹೇಳಬೇಕು ಅಂತ ಮಗಳು ಫೋನಿನಲ್ಲಿ ಪಾಠ ಒಪ್ಪಿಸಿಕೊಂಡೂ ಆಗಿರುತ್ತದೆ. ಒಲೆಯ ಬಗ್ಗೆ ಮಾತ್ರ ಅವಳು ಒಂದು ಮಾತೂ ಹೇಳಿರುವುದಿಲ್ಲ. ಅಧಿಕಾರಿಯ ಮುಂದೆ ನೀವು ನಿಲ್ಲುವುದು ಐದು ನಿಮಿಷ. ಆಮೇಲಿನ ಆರು ತಿಂಗಳು ನಿಲ್ಲುವುದು ಅವಳ ಅಡುಗೆಮನೆಯ ಕರೀ ಗಾಜಿನ ಒಲೆಯ ಮುಂದೆ. ಅದಕ್ಕೇ ಈ ಪತ್ರ.

"ಗಾಜಿನ ಒಲೆ ನಮಗೇನು ಹೊಸದಾ, ನಮ್ಮನೇಲೂ ಮೂರು ಬರ್ನರಿನ ಗ್ಲಾಸ್ ಟಾಪ್ ಇದೆಯಲ್ಲ" ಅನ್ನುತ್ತೀರಿ. ಇದೆ, ಆದರೆ ಅಲ್ಲಿ ಗಾಜು ಇರುವುದು ಅಂದಕ್ಕೆ ಮತ್ತು ಒರೆಸುವ ಅನುಕೂಲಕ್ಕೆ. ಅದು ಟಫನ್ಡ್ ಗ್ಲಾಸು. ಕಾಯಿಸಿ, ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು. ಉರಿ ಏಳುವುದು ಹಿತ್ತಾಳೆಯ ಬರ್ನರಿನಲ್ಲಿ, ಪಾತ್ರೆ ಕೂರುವುದು ಕಬ್ಬಿಣದ ಕಾಲುಗಳ ಮೇಲೆ. ಗಾಜಿಗೆ ಬೆಂಕಿಯ ಬಿಸಿ ಎಷ್ಟು ಕಡಿಮೆ ತಾಗಿದರೆ ಅಷ್ಟು ಕ್ಷೇಮ. ಅಮೆರಿಕದ ಒಲೆಯಲ್ಲಿ ಬೆಂಕಿಯೂ ಇಲ್ಲ, ಕಾಲುಗಳೂ ಇಲ್ಲ. ಗಾಜಿನ ಅಡಿಯಲ್ಲಿ ವಿದ್ಯುತ್ತಿನ ತಂತಿ ಕೆಂಪಗೆ ಕಾಯುತ್ತದೆ, ಶಾಖ ಗಾಜನ್ನು ತೂರಿ ಮೇಲೆ ಬರುತ್ತದೆ, ಪಾತ್ರೆ ಗಾಜಿನ ಮೈಮೇಲೆಯೇ ಕೂರುತ್ತದೆ. ಊರಿನ ಒಲೆಯ ಅನುಭವ ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ.

ಇಷ್ಟು ಕಾದರೂ ಗಾಜು ಒಡೆಯುವುದಿಲ್ಲವೇ? ಇದು ಮಾಮೂಲಿ ಗಾಜಲ್ಲ, ಗ್ಲಾಸ್ ಸೆರಾಮಿಕ್. ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಂಪನಿಯಲ್ಲಿ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ ಗಾಜಿನ ಒಂದು ತುಂಡನ್ನು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಕುಲುಮೆಯಲ್ಲಿಟ್ಟರು. ಕುಲುಮೆ ಕೆಟ್ಟು 900ಕ್ಕೆ ಏರಿತು. ಗಾಜು ಕರಗಿ ಹೋಗಿರಬೇಕೆಂದು ತೆರೆದು ನೋಡಿದರೆ, ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಇಕ್ಕಳದಿಂದ ತೆಗೆಯುವಾಗ ಜಾರಿ ನೆಲಕ್ಕೆ ಬಿತ್ತು, ಒಡೆಯಲಿಲ್ಲ. ಒಳಗೆಲ್ಲ ಸಣ್ಣ ಸಣ್ಣ ಹರಳು ಕಟ್ಟಿತ್ತು. ಐದು ವರ್ಷಕ್ಕೆ ಅದರಿಂದ ಕಾರ್ನಿಂಗ್‌ವೇರ್ ಪಾತ್ರೆಗಳು ಬಂದವು. ಆಮೇಲೆ ಅದೇ ಜಾತಿಯ ವಸ್ತು ಒಲೆಯ ಮೇಲೆ ಹಾಸಾಯಿತು. ಜರ್ಮನಿಯ ಶಾಟ್ ಕಂಪನಿ ಸೆರಾನ್ ಹೆಸರಿನಲ್ಲಿ 1970ರ ದಶಕದಿಂದ ಮಾಡುತ್ತಿದೆ. ಕಾದರೂ ಹಿಗ್ಗುವುದಿಲ್ಲ, ತಣಿದರೂ ಕುಗ್ಗುವುದಿಲ್ಲ ಎನ್ನುವಷ್ಟು ಸ್ಥಿರ. ಕಾದ ಜಾಗಕ್ಕೆ ತಣ್ಣೀರು ಚೆಲ್ಲಿದರೂ ಸಾಮಾನ್ಯವಾಗಿ ಬಿರಿಯದು. ಆದರೆ ಪೆಟ್ಟು ತಡೆಯುವುದಿಲ್ಲ. ಮೇಲಿನ ಕಪಾಟಿನಿಂದ ಉಪ್ಪಿನಕಾಯಿ ಬಾಟಲಿ ಜಾರಿ ಮೂಲೆ ತಾಗಿಸಿಕೊಂಡು ಬಿತ್ತೋ, ಅಷ್ಟೇ. ಬಾಡಿಗೆ ಮನೆಯಾದರೆ ಅಳಿಯಂದಿರ ಡಿಪಾಸಿಟ್ಟಿನಲ್ಲಿ ಕಳೆಯುತ್ತಾರೆ, ಸ್ವಂತದ್ದಾದರೆ ಬರೀ ಗಾಜು ಬದಲಿಸುವ ಖರ್ಚೇ ಹೊಸ ಒಲೆಯ ಬೆಲೆಯ ಹತ್ತಿರ ಹೋಗುತ್ತದೆ. ಭಾರದ ಡಬ್ಬ, ಬಾಟಲಿಗಳನ್ನು ಒಲೆಯ ಮೇಲಿನ ಕಪಾಟಿನಿಂದ ಬಂದ ದಿನವೇ ಕೆಳಗಿಳಿಸಿ.

ಇನ್ನು ಕಾಯುವ ರೀತಿ. ಗುಬುಟನ್ನು ಸಾಮಾನ್ಯವಾಗಿ ಒತ್ತಿ ತಿರುಗಿಸಬೇಕು. ಗಾಜಿನಡಿ ಕೆಂಪು ಮೂಡುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ, ಮತ್ತೆ ಮೂಡುತ್ತದೆ. "ಒಲೆ ಕೆಟ್ಟಿದೆ, ಕರೆಂಟು ಹೋಗಿ ಬಂದು ಮಾಡ್ತಿದೆ" ಎಂದು ಮಗಳನ್ನು ಎಬ್ಬಿಸಬೇಡಿ, ಅದರ ಕೆಲಸದ ರೀತಿಯೇ ಅದು. ಸಣ್ಣ ಉರಿ ಎಂಬುದು ಇಲ್ಲಿ ಇಲ್ಲ; ತಂತಿ ಉರಿದರೆ ಪೂರ್ತಿ ಉರಿಯುತ್ತದೆ, ಇಲ್ಲವಾದರೆ ಆರಿರುತ್ತದೆ. ಗುಬುಟು ಕಡಿಮೆ ಅಂಕಿಯಲ್ಲಿದ್ದರೆ ಆರಿರುವ ಹೊತ್ತು ಹೆಚ್ಚು, ಅಷ್ಟೇ. ಇದಲ್ಲದೆ, ಗಾಜು ಮಿತಿಮೀರಿ ಕಾಯಬಾರದೆಂದು ತಂತಿಯ ಮೇಲೊಂದು ಕಾವಲುಕಡ್ಡಿ ಇರುತ್ತದೆ. ಬಿಸಿ ಮಿತಿ ದಾಟಿದರೆ ಗುಬುಟು ಯಾವ ಅಂಕಿಯಲ್ಲಿದ್ದರೂ ಅದು ತಂತಿಯನ್ನು ಆರಿಸುತ್ತದೆ.

ಈ ಕಡ್ಡಿಯ ವಿಷಯ ಗೊತ್ತಿಲ್ಲದೆ ಎಷ್ಟೋ ಜನ "ಈ ಒಲೆಯಲ್ಲಿ ಏನೂ ಬೇಯಲ್ಲ" ಎಂದು ಬೈದಿದ್ದಾರೆ. ಪಾತ್ರೆಯ ತಳ ಗಾಜಿಗೆ ಪೂರ್ತಿ ಅಂಟಿ ಕೂತರೆ ಗಾಜಿನ ಬಿಸಿಯನ್ನು ಪಾತ್ರೆ ಎಳೆದುಕೊಳ್ಳುತ್ತದೆ, ತಂತಿ ಹೆಚ್ಚು ಹೊತ್ತು ಉರಿಯುತ್ತದೆ. ತಳ ಸೊಟ್ಟಗಿದ್ದರೆ ನಡುವೆ ಗಾಳಿ ನಿಂತು ಬಿಸಿ ಗಾಜಿನಲ್ಲೇ ಉಳಿಯುತ್ತದೆ, ಕಡ್ಡಿ ಮತ್ತೆ ಮತ್ತೆ ಆರಿಸುತ್ತದೆ, ಅಕ್ಕಿ ಕುದಿಯಲು ಅರ್ಧ ಗಂಟೆ ಹಿಡಿಯುತ್ತದೆ. ತಪ್ಪು ಪಾತ್ರೆಯದು, ಬೈಗುಳ ಒಲೆಗೆ. ಒಂದು ಅಡಿಪಟ್ಟಿಯನ್ನು ಪಾತ್ರೆಯ ತಳಕ್ಕೆ ಅಡ್ಡ ಹಿಡಿದು ನೋಡಿ. ಪಟ್ಟಿಯ ಕೆಳಗೆ ಬೆಳಕು ಕಂಡರೆ ಆ ಪಾತ್ರೆ ಊರಿನಲ್ಲೇ ಇರಲಿ.

ಹಾಗೆ ನೋಡಿದರೆ ನಿಮ್ಮ ಅರ್ಧ ಪಾತ್ರೆಗಳು ಊರಿನಲ್ಲೇ ಉಳಿಯುತ್ತವೆ. ದುಂಡು ತಳದ ಬಾಣಲೆ ಗಾಜಿನ ಮೇಲೆ ತೂಗಾಡುತ್ತದೆ. ಹಬ್ಬದ ಅಡುಗೆಯ ದೊಡ್ಡ ಪಾತ್ರೆ ಗಾಜಿನ ಮೇಲೆ ಬರೆದ ಉಂಗುರದ ಗೆರೆಯಿಂದ ತೀರಾ ಆಚೆ ಚಾಚಿಕೊಂಡರೆ ಅದರಡಿಯ ಗಾಜು ಬೇಕಾದ್ದಕ್ಕಿಂತ ಹೆಚ್ಚು ಕಾಯುತ್ತದೆ. ಹಿಂಡಾಲಿಯಂ ಪಾತ್ರೆ ಬೇಯಿಸುತ್ತದೆ, ಆದರೆ ಎಳೆದಾಡಿದಲ್ಲೆಲ್ಲ ಬೂದುಬಣ್ಣದ ಗೆರೆ ಬಿಡುತ್ತದೆ. ಅಜ್ಜಿಯ ಕಾಲದ ಬೀಡು ಕಾವಲಿ ಅದ್ಭುತ ವಸ್ತು, ನಿಜ, ಆದರೆ ತಳ ಒರಟು. ತರಲೇಬೇಕೆಂಬ ಹಟವಿದ್ದರೆ ತಳವನ್ನು ನುಣ್ಣಗೆ ಉಜ್ಜಿಸಿ ತನ್ನಿ. ಗಾಜಿನ ಮೇಲೆ ಎಳೆಯಬೇಡಿ, ಎತ್ತಿ ಇಡಿ. ಪಾತ್ರೆಯಡಿ ಒಂದು ಕಾಳು ಉಪ್ಪು ಸಿಕ್ಕಿಕೊಂಡಿದ್ದರೂ ಗೀರು ಬೀಳುತ್ತದೆ.

ಒಗ್ಗರಣೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಅಡುಗೆ ಸೋಲುವುದು ಗೆಲ್ಲುವುದು ಅಲ್ಲಿಯೇ. ಗ್ಯಾಸಿನಲ್ಲಿ ಸಾಸಿವೆ ಸಿಡಿದ ಕ್ಷಣ ಗುಬುಟು ತಿರುಗಿಸುತ್ತೀರಿ, ಉರಿ ನಿಲ್ಲುತ್ತದೆ, ಆ ಉಳಿದ ಕಾವಿನಲ್ಲಿ ಇಂಗು, ಕರಿಬೇವು ಹಾಕುತ್ತೀರಿ. ಇಲ್ಲಿ ಗುಬುಟು ತಿರುಗಿಸಿದರೆ ಒಲೆಗೆ ಕೇಳಿಸಿದಂತೆಯೇ ಇರುವುದಿಲ್ಲ. ಗಾಜು ಕಾದದ್ದು ಕಾದೇ ಇರುತ್ತದೆ. ಮೆಂತ್ಯ ಕಪ್ಪಾಗುತ್ತದೆ, ಇಂಗು ಕಹಿಯಾಗುತ್ತದೆ, ಒಣಮೆಣಸಿನಕಾಯಿ ಹೊಗೆಗೆ ಚಾವಣಿಯ ಸ್ಮೋಕ್ ಅಲಾರಂ ಕಿರುಚುತ್ತದೆ, ಆಗಷ್ಟೇ ಕಣ್ಣು ಮುಚ್ಚಿದ ಕೂಸು ಏಳುತ್ತದೆ. ಆದ್ದರಿಂದ ಗುಬುಟನ್ನು ಮರೆತು ಪಾತ್ರೆಯನ್ನು ನೆನಪಿಡಿ. ಸಾಸಿವೆ ಸಿಡಿಯುತ್ತಿದ್ದಂತೆ ಪಾತ್ರೆಯನ್ನೇ ಎತ್ತಿ ಪಕ್ಕದ ತಣ್ಣನೆ ಉಂಗುರದ ಮೇಲಿಡಿ, ಮಿಕ್ಕದ್ದನ್ನು ಅಲ್ಲಿ ಹಾಕಿ. ಉದ್ದ ಹಿಡಿಯ ದುಂಡು ತಳದ ಒಗ್ಗರಣೆ ಸೌಟು ಇಲ್ಲಿ ಅಪಾಯ. ಬಿಟ್ಟ ಕೈಗೆ ವಾಲಿ ಕುದಿಯುವ ಎಣ್ಣೆ ಚೆಲ್ಲುತ್ತದೆ. ಅಂಗೈಯಗಲದ, ಸಪಾಟು ತಳದ, ದಪ್ಪ ಸ್ಟೀಲಿನ ಪುಟ್ಟ ಬಾಣಲೆ ಒಂದು ತನ್ನಿ. ಪೆಟ್ಟಿಗೆಯಲ್ಲಿ ಬೇರೇನು ಬಿಟ್ಟರೂ ಅದನ್ನು ಬಿಡಬೇಡಿ.

ಕುಕ್ಕರಿಗೂ ಇದೇ ಮಾತು. ಮೂರು ಕೂಗಿಗೆ ಆರಿಸಿದರೆ ನಾಲ್ಕನೆಯದೂ ಕೂಗುತ್ತದೆ. ಒಂದು ಕೂಗು ಮುಂಚೆ ಆರಿಸಿ, ಇಲ್ಲವೇ ಇಳಿಸಿ. ಅದೇ ಉಳಿದ ಬಿಸಿ ಅನ್ನ ಹಬೆಯಾಡಲು, ತುಪ್ಪ ಕಾಯಿಸಲು, ಪಾಯಸ ಸಾವಕಾಶವಾಗಿ ಗಟ್ಟಿಯಾಗಲು ಬಹಳ ಒಳ್ಳೆಯದು. ತುಪ್ಪದ ಮಟ್ಟಿಗೆ ನಾನು ಗ್ಯಾಸಿಗಿಂತ ಇದನ್ನೇ ಮೆಚ್ಚುತ್ತೇನೆ.

ಈಗ ಬಾಣಂತನದ ಮುಖ್ಯ ಸಂಗತಿ: ಅಂಟಿನುಂಡೆ. ಅಂಟು ಹುರಿಯುವುದಕ್ಕೆ ತೊಂದರೆಯಿಲ್ಲ, ಬೆಲ್ಲದ ಪಾಕ ಮಾತ್ರ ಈ ಒಲೆಯ ಶತ್ರು. ಹಾಲು, ಸಾರು, ಗಂಜಿ ಏನು ಉಕ್ಕಿದರೂ ಗಾಜು ತಣಿದ ಮೇಲೆ ನಿಧಾನವಾಗಿ ತೆಗೆಯಬಹುದು. ಸಕ್ಕರೆ, ಬೆಲ್ಲ ಹಾಗಲ್ಲ. ಬಿಸಿ ಗಾಜಿನ ಮೇಲೆ ಬಿದ್ದ ಪಾಕ ತಣಿಯುತ್ತಾ ಗಾಜಿಗೆ ಬೆಸೆದುಕೊಳ್ಳುತ್ತದೆ. ತಣಿಯುವಾಗ ಅದು ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ. ಆ ಎಳೆತಕ್ಕೆ ಗಾಜಿನ ಚೂರೇ ಕಿತ್ತು ಬಂದು ಗುಳಿ ಉಳಿಯುತ್ತದೆ. ಆ ಗುಳಿಗೆ ಮದ್ದಿಲ್ಲ. ಆದ್ದರಿಂದ ಪಾಕ ಚೆಲ್ಲಿದರೆ ಒಲೆ ಆರಿಸಿ, ದಪ್ಪ ಕೈಗವಸು ಹಾಕಿಕೊಂಡು, ಗಾಜು ಇನ್ನೂ ಬಿಸಿಯಿರುವಾಗಲೇ ಉದ್ದ ಹಿಡಿಯ ಬ್ಲೇಡ್ ಕೆರೆಸಿಯಿಂದ ಪಾಕವನ್ನು ಬಿಸಿ ಉಂಗುರದಿಂದ ಆಚೆಗೆ ಕೆರೆದು ತಳ್ಳಿ. ಮಿಕ್ಕದ್ದು ತಣಿದ ಮೇಲೆ. ಕೆರೆಸಿ ಎಲ್ಲಿದೆಯೆಂದು ಪಾಕ ಏರುವ ಮುಂಚೆಯೇ ಮಗಳನ್ನು ಕೇಳಿ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ಹೋಳಿಗೆಯ ಹೂರಣ, ಮೈಸೂರು ಪಾಕ್, ಕೊಬ್ಬರಿ ಮಿಠಾಯಿಗೂ ಇದೇ ಎಚ್ಚರ. ಪ್ಲಾಸ್ಟಿಕ್ ಸೌಟು ಅಥವಾ ಅಲ್ಯೂಮಿನಿಯಂ ಫಾಯಿಲ್ ಬಿಸಿ ಗಾಜಿಗೆ ತಾಗಿದರೂ ಇದೇ ಗತಿ.

ದೋಸೆ ಆಗುತ್ತದೆ, ತಾಳ್ಮೆ ಬೇಕು. ಗುಬುಟನ್ನು ಪೂರ್ತಿ ತಿರುಗಿಸಿ ಕಾವಲಿ ಕಾಯಿಸಿದರೆ ನಡು ಕರಿಯುತ್ತದೆ, ಅಂಚು ಬಿಳಿ ಉಳಿಯುತ್ತದೆ. ದೊಡ್ಡ ಉಂಗುರ ಹಚ್ಚಿ, ನಡು ಅಂಕಿಯಲ್ಲಿಟ್ಟು, ಐದಾರು ನಿಮಿಷ ಸುಮ್ಮನೆ ಬಿಡಿ. ಕೆಲವು ಗುಬುಟುಗಳಲ್ಲಿ ಒಂದು ಕಡೆ ತಿರುಗಿಸಿದರೆ ಒಳ ಉಂಗುರ ಮಾತ್ರ, ಇನ್ನೊಂದು ಕಡೆಗೆ ಎರಡೂ. ಅದನ್ನು ನೋಡದೆ ಹೊಯ್ದು ದೋಸೆ ಹಿಟ್ಟಿನ ಮೇಲೆ ದೂರು ಹೊರಿಸಬೇಡಿ.

ಜೋಳದ ರೊಟ್ಟಿಯ ವಿಷಯದಲ್ಲಿ ಸಮಾಧಾನ ಹೇಳಲು ನನ್ನ ಹತ್ತಿರ ಮಾತಿಲ್ಲ. ವಿಜಯಪುರ, ಕಲಬುರಗಿಯ ಕಡೆಯ ಅಮ್ಮಂದಿರೇ, ಕೊನೆಯಲ್ಲಿ ಉರಿಯ ಮೇಲೆ ಹಿಡಿದಾಗ ಉಬ್ಬುವ ಆ ರೊಟ್ಟಿ ಈ ಒಲೆಯಲ್ಲಿ ಆಗುವುದಿಲ್ಲ. ತವೆಯ ಮೇಲೇ ಬಟ್ಟೆಯಿಂದ ಒತ್ತಿ ಒತ್ತಿ ಉಬ್ಬಿಸಬಹುದು. ತಿನ್ನಲು ಚೆನ್ನಾಗಿಯೇ ಇರುತ್ತದೆ, ಸುಟ್ಟ ವಾಸನೆ ಇರುವುದಿಲ್ಲ. ಬದನೆಕಾಯಿ ಸುಟ್ಟ ಗೊಜ್ಜಿಗೆ ಕೆಳಗಿನ ಓವನ್ನಿನಲ್ಲಿ ಬ್ರಾಯ್ಲ್ ಎಂಬ ಗುಂಡಿ ಇರುತ್ತದೆ, ಮೇಲಿನಿಂದ ಕಾಯಿಸುತ್ತದೆ. ಬದನೆಕಾಯಿಗೆ ಚುಚ್ಚಿ ಇಡಿ, ಸಿಪ್ಪೆ ಸಲೀಸಾಗಿ ಬಿಡುತ್ತದೆ. ಹಪ್ಪಳಕ್ಕೆ ಮೈಕ್ರೋವೇವ್ ಸಾಕು. ಮುದ್ದೆ ತೊಳಸುವ ಮಂಡ್ಯ, ಹಾಸನದ ಅಮ್ಮಂದಿರು ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಇಳಿಸಿ, ಕಟ್ಟೆಯ ಮೇಲೆ ಮರದ ಹಲಗೆಯಿಟ್ಟು ಅಲ್ಲಿ ತೊಳಸಿ. ಕೋಲಿನ ಒತ್ತಡಕ್ಕೆ ನುಣುಪು ಗಾಜಿನ ಮೇಲೆ ಪಾತ್ರೆ ಜಾರುತ್ತದೆ.

ಬಾಣಂತಿಗೂ ಕೂಸಿಗೂ ಸಾಂಬ್ರಾಣಿ ಹಾಕಲು ಕೆಂಡ ಮಾಡುವ ಯೋಚನೆ ಇದ್ದರೆ ಕೈಬಿಡಿ. ಈ ಒಲೆಯಲ್ಲಿ ಇದ್ದಿಲು ಹೊತ್ತಿಸುವಂತಿಲ್ಲ. ಚಳಿಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಕೂಸಿಗೆ ಸಾಂಬ್ರಾಣಿಗಿಂತ ಮೊದಲು ತಲುಪುತ್ತದೆ. ಬಜೆ ಸುಡಲು ಉರಿಯೂ ಇಲ್ಲ, ಅದು ಒಳ್ಳೆಯದೇ ಆಯಿತು ಅನ್ನುತ್ತೇನೆ: ಆಹಾರದಲ್ಲಿ ಬಜೆ ಬಳಸುವುದನ್ನು ಅಮೆರಿಕದ ಎಫ್‌ಡಿಎ ದಶಕಗಳ ಹಿಂದೆಯೇ ನಿಷೇಧಿಸಿದೆ. ಕೂಸಿನ ಡಾಕ್ಟರನ್ನು ಕೇಳದೆ ನಾಲಿಗೆಗೆ ತೇಯಬೇಡಿ.

ಇಷ್ಟೆಲ್ಲ ಓದಿ ಈ ಒಲೆ ಬರೀ ಕಾಟ ಅನ್ನಿಸಿದ್ದರೆ, ಅದರ ಪರವಾಗಿಯೂ ಹೇಳುತ್ತೇನೆ. ಸೀರೆ ಸೆರಗಿಗೆ ಬೆಂಕಿ ತಗಲುವ ಭಯ ಬಹುಮಟ್ಟಿಗೆ ಇಲ್ಲ. ನಮ್ಮ ಕಡೆಯ ಎಷ್ಟು ಅಡುಗೆಮನೆಗಳಲ್ಲಿ ಆ ದುರಂತ ನಡೆದಿದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಗ್ಯಾಸ್ ಸೋರುವ ಚಿಂತೆಯಿಲ್ಲ, ಸಿಲಿಂಡರ್ ಬುಕ್ ಮಾಡುವ ರಗಳೆಯಿಲ್ಲ, ಹಾಲು ಉಕ್ಕಿ ಉರಿ ಆರಿ ಗ್ಯಾಸ್ ಹಬ್ಬುವ ಗಾಬರಿಯಿಲ್ಲ. ಗ್ಯಾಸ್ ಉರಿದಾಗ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ, ಎಳೆಯ ಶ್ವಾಸಕೋಶಕ್ಕೆ ಅದು ಆಗದು. ಈ ಒಲೆಯಿಂದ ಅದು ಬರುವುದಿಲ್ಲ. ಜನವರಿಯಲ್ಲಿ ಕಿಟಕಿ ತೆಗೆಯಲಾಗದ ಮಿಷಿಗನ್ ಮನೆಯಲ್ಲಿ ಇದು ಸಣ್ಣ ಲಾಭವಲ್ಲ. ಒಗ್ಗರಣೆಯ ಹೊಗೆ ಬೇರೆ ಮಾತು. ಅಪಾರ್ಟ್‌ಮೆಂಟುಗಳಲ್ಲಿ ಒಲೆಯ ಮೇಲೆ ನೇತುಹಾಕಿದ ಮೈಕ್ರೋವೇವಿನ ಫ್ಯಾನು ಬಹಳ ಕಡೆ ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ, ಜಾಲರಿಯಲ್ಲಿ ಸೋಸಿ ಮತ್ತೆ ನಿಮ್ಮ ಮುಖಕ್ಕೇ ಊದುತ್ತದೆ. ಅಲಾರಮ್ಮಿನ ಬ್ಯಾಟರಿ ಕಿತ್ತಿಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ಒರೆಸುವುದು ಸುಲಭ ಎನ್ನುತ್ತಾರೆ. ತಿಳಿದವರಿಗೆ ಸುಲಭ. ಸಬೀನ, ಕಬ್ಬಿಣದ ನಾರು, ತೆಂಗಿನ ನಾರು ಮೂರೂ ಬೇಡ. ಅಡುಗೆ ಸೋಡಾ ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟು, ಮೆತ್ತನೆ ಬಟ್ಟೆಯಿಂದ ಉಜ್ಜಿದರೆ ಬಹುಪಾಲು ಕಲೆ ಹೋಗುತ್ತದೆ, ಉಳಿದದ್ದಕ್ಕೆ ಕೆರೆಸಿ. ದಿನವೂ ಒಲೆಗೆ ರಂಗೋಲಿ ಎಳೆದು ಕುಂಕುಮ ಇಡುವ ಪದ್ಧತಿ ಇದ್ದರೆ ಕುಂಕುಮವನ್ನು ಗುಬುಟುಗಳ ಪಕ್ಕದ ಪಟ್ಟಿಗೆ ಇಡಿ. ರಂಗೋಲಿ ಪುಡಿ ಕಲ್ಲಿನ ಪುಡಿ, ಅದು ಗಾಜಿಗೆ ಬೇಡ.

ನನ್ನ ದೊಡ್ಡ ಭಯ ಬೇರೆಯದು. ಆರಿದ ಮೇಲೆ ಈ ಒಲೆ ಕಟ್ಟೆಯ ಮುಂದುವರಿಕೆಯಂತೆ ಕಾಣುತ್ತದೆ. ಜಾಗ ಸಾಲದ ಅಡುಗೆಮನೆಯಲ್ಲಿ ತರಕಾರಿ ಚೀಲ, ಪ್ಲಾಸ್ಟಿಕ್ ಡಬ್ಬ, ಕೂಸಿನ ಬಾಟಲಿ, ಒರೆಸುವ ಬಟ್ಟೆ ಒಂದೊಂದಾಗಿ ಅದರ ಮೇಲೆ ಬಂದು ಕೂರುತ್ತವೆ. ಹೋಗುವಾಗ ಬರುವಾಗ ಗುಬುಟಿಗೆ ಸೊಂಟ ತಾಗಿದರೆ ಸಾಕು. ಬಿಸಿ ಇದೆಯೆಂದು ತೋರಿಸುವ ಪುಟ್ಟ ಕೆಂಪು ದೀಪ ಸಾಮಾನ್ಯವಾಗಿ ಇರುತ್ತದೆ, ಆರಿಸಿದ ಮೇಲೂ ಗಾಜು ತಣಿಯುವವರೆಗೆ ಉರಿಯುತ್ತದೆ. ಮನೆಯಲ್ಲಿ ಮೂರು ವರ್ಷದ ದೊಡ್ಡ ಮಗುವೂ ಇದ್ದರೆ ಆ ದೀಪದ ಅರ್ಥವನ್ನು ಅದಕ್ಕೂ ಕಲಿಸಿ, ಅಡುಗೆಯನ್ನು ಹಿಂದಿನ ಉಂಗುರಗಳಲ್ಲೇ ಮಾಡಿ. ಗಾಜು ಬಿರುಕು ಬಿಟ್ಟರೆ ಅದರ ಮೇಲೆ ಮತ್ತೆ ಪಾತ್ರೆ ಇಡಬೇಡಿ. ಬಿರುಕಿನಲ್ಲಿ ನೀರಿಳಿದು ಶಾಕ್ ಹೊಡೆಯಬಹುದು, ಅಳಿಯಂದಿರಿಗೆ ಹೇಳಿ ಆ ಒಲೆಯ ಮೇನ್ ಆಫ್ ಮಾಡಿಸಿ.

ಕರೆಂಟು ಹೋದರೆ ಅಡುಗೆ ಇಲ್ಲ. ಅಮೆರಿಕದಲ್ಲಿ ಕರೆಂಟೇ ಹೋಗುವುದಿಲ್ಲ ಎಂದು ಹೇಳಿದವರು 2021ರ ಫೆಬ್ರುವರಿಯ ಟೆಕ್ಸಸ್ ಚಳಿಯನ್ನು ಮರೆತಿರುತ್ತಾರೆ. ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಜೊತೆಗಿರಲಿ. ಕೆಲವರು ಗ್ಯಾರೇಜಿನಲ್ಲೋ ಹಿತ್ತಿಲಲ್ಲೋ ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡು ಕರಿಯುವುದನ್ನೆಲ್ಲ ಅಲ್ಲಿ ಮಾಡುತ್ತಾರೆ. ಹಿತ್ತಿಲು ಸರಿ. ಬಾಗಿಲು ಮುಚ್ಚಿದ ಗ್ಯಾರೇಜು ಬೇಡವೇ ಬೇಡ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬಹಳ ಊರುಗಳ ನಿಯಮ ಬಿಡುವುದಿಲ್ಲ.

ಒಂದು ವಿಷಯ ಬಿಟ್ಟುಹೋಗುತ್ತಿತ್ತು. ಎಲ್ಲ ಕರೀ ಗಾಜೂ ಒಂದೇ ಅಲ್ಲ. ಕೆಲವು ಮನೆಗಳಲ್ಲಿ ಅದು ಇಂಡಕ್ಷನ್ ಆಗಿರುತ್ತದೆ. ಅಲ್ಲಿ ಗಾಜಿನಡಿಯ ಸುರುಳಿ ತಾನು ಕಾಯುವುದಿಲ್ಲ, ಕಾಂತಕ್ಷೇತ್ರದಿಂದ ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಗುಬುಟು ತಿರುಗಿಸಿದ ಕೂಡಲೇ ಶಾಖ ನಿಲ್ಲುವುದರಿಂದ ಒಗ್ಗರಣೆಗೆ ಗ್ಯಾಸಿನಷ್ಟೇ ವಾಸಿ. ಆದರೆ ಹಿಂಡಾಲಿಯಂ, ತಾಮ್ರ, ಹಿತ್ತಾಳೆ ಅಲ್ಲಿ ಬರೀ ಅಲಂಕಾರ. ತಳಕ್ಕೆ ಆಯಸ್ಕಾಂತ ಗಟ್ಟಿಯಾಗಿ ಅಂಟಬೇಕು. ಮಗಳು ಹೊಸ ಒಲೆ ಕೊಳ್ಳುವ ಯೋಚನೆಯಲ್ಲಿದ್ದರೆ ಇಂಡಕ್ಷನ್ನೇ ಕೊಳ್ಳಲಿ ಎಂಬುದು ನನ್ನ ಮತ, ಬೆಲೆ ಹೆಚ್ಚಾದರೂ ಸರಿ. ಬಾಡಿಗೆ ಮನೆಯಲ್ಲಿ ಆಯ್ಕೆಯೇ ಇಲ್ಲ. ಅಲ್ಲಿರುವ ಗಾಜಿನ ಒಲೆ ಒಳ್ಳೆಯ ಪಾತ್ರೆ ಕೊಟ್ಟರೆ ಮುಕ್ಕಾಲು ಪಾಲು ಕನ್ನಡ ಅಡುಗೆಯನ್ನು ಮರ್ಯಾದೆಯಿಂದ ಮಾಡಿಕೊಡುತ್ತದೆ.

ಆದ್ದರಿಂದ ಪೆಟ್ಟಿಗೆಗೆ ಬೀಗ ಹಾಕುವ ಮುಂಚೆ ಮಗಳಿಗೆ ಹೇಳಿ ಒಲೆಯ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಮಾಮೂಲಿ ಗಾಜೋ ಇಂಡಕ್ಷನ್ನೋ ಕೇಳಿ. ದೊಡ್ಡ ಉಂಗುರದ ಅಡ್ಡಳತೆಯನ್ನು ಅಡಿಪಟ್ಟಿ ಇಟ್ಟು ಅಳೆದು ಹೇಳಲು ಹೇಳಿ. ಆ ಅಳತೆ ಒಂದು ಚೀಟಿಯಲ್ಲಿ ಬರೆದುಕೊಂಡು, ಜೊತೆಗೊಂದು ಆಯಸ್ಕಾಂತ ಹಿಡಿದು ಪಾತ್ರೆ ಅಂಗಡಿಗೆ ಹೋಗಿ.

ಇಂತಿ,
ಅದೇ ಒಲೆಯ ಮುಂದೆ ನಿಲ್ಲುವ ನಿಮ್ಮವಳೊಬ್ಬಳು